ಪಿನ್‌ಕೋಡ್‌ಗೆ ಬಂದ ಇಂಟರ್‌ನೆಟ್ ಮನೆಗೆ ಬರುವುದಿಲ್ಲ: ಕೇಬಲ್ ಮುಟ್ಟದ ಊರಿನವರಿಗೊಂದು ಕೈಪಿಡಿ

ಬೆಂಗಳೂರಿನಲ್ಲಿ ಒಂದು ಪಿನ್‌ಕೋಡ್ ಅಂದರೆ ಕೆಲವು ಬಡಾವಣೆಗಳು. ಮಲೆನಾಡಿನಲ್ಲಿ ಅದೇ ಆರು ಅಂಕಿಗಳೊಳಗೆ ಒಂದು ಪೇಟೆ, ಹತ್ತಾರು ಹಳ್ಳಿ, ಎರಡು ಗುಡ್ಡಸಾಲು, ಒಂದು ಹೊಳೆ, ಒಂದಿಷ್ಟು ಮೀಸಲು ಅರಣ್ಯ ಎಲ್ಲವೂ ಸೇರಿರುತ್ತವೆ. ಪೇಟೆಯ ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಗೆ ಫೈಬರ್ ಬಂದಿದ್ದರೆ ಸಾಕು, ಕಂಪನಿಯ ವೆಬ್‌ಸೈಟು ಆ ಇಡೀ ಪಿನ್‌ಕೋಡಿಗೆ ಸೇವೆ ಇದೆ ಅಂತ ಹಸಿರು ಗುರುತು ತೋರಿಸುತ್ತದೆ. ಎಂಟು ಕಿಲೋಮೀಟರ್ ಆಚೆ, ಅಡಿಕೆ ತೋಟದ ತಲೆಯಲ್ಲಿ ಒಂಟಿ ಮನೆಯಲ್ಲಿರುವವರು ಅದನ್ನು ನಂಬಿ ದುಡ್ಡು ಕಟ್ಟುತ್ತಾರೆ. ವಾರದ ನಂತರ ಇಬ್ಬರು ಹುಡುಗರು ಬೈಕಿನಲ್ಲಿ ಬಂದು, ಅಂಗಳದಲ್ಲಿ ನಿಂತು ಫೋನ್ ಎತ್ತಿ ಹಿಡಿದು, ‘ಇಲ್ಲಿಗೆ ಆಗಲ್ಲ ಸಾರ್’ ಅಂದು ಹೋಗುತ್ತಾರೆ. ಹೊಸನಗರದ ಕಡೆ ಇರುವ ನಮ್ಮ ಮನೆಯಲ್ಲೂ ಇದೇ ಆಯಿತು. ದುಡ್ಡು ವಾಪಸ್ ಬರಲು ಎರಡು ತಿಂಗಳು ಹಿಡಿಯಿತು.

ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು ಎಂಬ ಕಾರಣಕ್ಕೆ ನನಗೆ ಬರುವ ಫೋನುಗಳಲ್ಲಿ ಅರ್ಧ ಇದೇ ವಿಷಯದವು. ಸಾಗರ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಸಿದ್ದಾಪುರ, ಜೋಯಿಡಾ, ಎಲ್ಲ ಕಡೆಯಿಂದಲೂ ಪ್ರಶ್ನೆ ಒಂದೇ: ‘ಯಾವ ಕಂಪನಿದು ಒಳ್ಳೇದು?’ ನಗರದಲ್ಲಿ ಈ ಪ್ರಶ್ನೆಗೆ ಅರ್ಥವಿದೆ. ಕೇಬಲ್ ಇಲ್ಲದ ಊರಿನಲ್ಲಿ ಕಂಪನಿಯನ್ನು ಆರಿಸುವ ಅವಕಾಶವೇ ನಮಗಿಲ್ಲ, ನಮ್ಮ ಪರವಾಗಿ ಗುಡ್ಡ ಆಗಲೇ ಆರಿಸಿಬಿಟ್ಟಿರುತ್ತದೆ. ನಿಮ್ಮ ಜಾಗದ ಯಾವ ಮೂಲೆಗೆ ಯಾವ ಟವರ್ ಕಾಣುತ್ತದೆ, ಆ ಮೂಲೆಯಿಂದ ಮನೆಯೊಳಗೆ ಸಿಗ್ನಲ್ ತರುವುದು ಹೇಗೆ, ಕರೆಂಟ್ ಹೋದಾಗ ಏನು ಮಾಡೋದು, ಈ ಮೂರಕ್ಕೆ ಉತ್ತರ ಸಿಕ್ಕಮೇಲೆ ಕಂಪನಿಯ ಹೆಸರು ತಾನಾಗಿಯೇ ಬರುತ್ತದೆ.

ಇದು ಸಿನಿಮಾ ನೋಡುವವರ ಸಮಸ್ಯೆ ಮಾತ್ರ ಅಲ್ಲ. ಕೋವಿಡ್ ಕಾಲದಲ್ಲಿ ಊರಿಗೆ ಬಂದು ಅಪ್ಪ-ಅಮ್ಮನ ಜೊತೆ ಉಳಿಯಬೇಕೆಂದುಕೊಂಡ ಎಷ್ಟೋ ಮಂದಿ ವಾಪಸ್ ಬೆಂಗಳೂರಿಗೆ ಹೋಗಿದ್ದು ಇಂಟರ್‌ನೆಟ್ ಇಲ್ಲದ್ದಕ್ಕೆ. ಪಡಿತರದ ಇ-ಕೆವೈಸಿ, ಬೆಳೆ ವಿಮೆ, ಮಕ್ಕಳ ಅರ್ಜಿ, ಬ್ಯಾಂಕಿನ ಒಟಿಪಿ ಎಲ್ಲವೂ ಈಗ ಅದರ ಮೇಲೇ ನಿಂತಿವೆ. ಇಷ್ಟಾಗಿಯೂ ಸರ್ಕಾರಿ ಲೆಕ್ಕದಲ್ಲಿ ನಾವು ‘ಬ್ರಾಡ್‌ಬ್ಯಾಂಡ್ ಇಲ್ಲದವರು’ ಅಲ್ಲ. 2023ರ ಜನವರಿಯಿಂದ ಸೆಕೆಂಡಿಗೆ 2 ಮೆಗಾಬಿಟ್ ವೇಗ ಮುಟ್ಟುವ ಸಂಪರ್ಕವೆಲ್ಲ ಬ್ರಾಡ್‌ಬ್ಯಾಂಡ್. ಮೊಬೈಲ್ ಇಂಟರ್‌ನೆಟ್ ಕೂಡ ಆ ಲೆಕ್ಕದಲ್ಲೇ ಸೇರುತ್ತದೆ. ಗುಡ್ಡದ ತುದಿಗೆ ಹೋದಾಗ ನಿಮ್ಮ ಸಿಮ್ ಕೆಲಸ ಮಾಡಿದರೂ ಪಟ್ಟಿಯಲ್ಲಿ ನೀವು ಬ್ರಾಡ್‌ಬ್ಯಾಂಡ್ ಗ್ರಾಹಕರೇ.

ಮೊದಲು ತಂತಿಯನ್ನೇ ಹುಡುಕಿ

ವಿಚಿತ್ರ ಅನ್ನಿಸಬಹುದು. ಕೇಬಲ್ ಇಲ್ಲ ಅಂತಲೇ ತಾನೆ ಇದನ್ನು ಓದುತ್ತಿರುವುದು? ಆದರೆ ‘ಇಲ್ಲ’ ಅನ್ನುವ ಮಾತು ಕಾಲ್ ಸೆಂಟರಿನಿಂದ ಬಂದಿದ್ದರೆ ಅದನ್ನು ಪಿನ್‌ಕೋಡಿನ ಹಸಿರು ಗುರುತಿನಷ್ಟೇ ನಂಬಿ. ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಜಾಲತಾಣದಲ್ಲಿ ಪಿನ್‌ಕೋಡ್ ಹಾಕಿದರೆ ಆ ಭಾಗದಲ್ಲಿ ತಂತಿಯ ಇಂಟರ್‌ನೆಟ್ ಕೊಡುವವರ ಪಟ್ಟಿ ಸಿಗುತ್ತದೆ. ಅದು ಆರಂಭ ಮಾತ್ರ. ಆಮೇಲೆ ಮೂವರನ್ನು ಖುದ್ದಾಗಿ ಕೇಳಬೇಕು: ಹತ್ತಿರದ ಬಿಎಸ್‌ಎನ್‌ಎಲ್ ಎಕ್ಸ್‌ಚೇಂಜಿನ ಲೈನ್‌ಮನ್, ಊರಿಗೆ ಟಿವಿ ಕೇಬಲ್ ಎಳೆದವರು, ಗ್ರಾಮ ಪಂಚಾಯಿತಿಯ ಪಿಡಿಒ. ಹಳ್ಳಿಗಳಲ್ಲಿ ಬಿಎಸ್‌ಎನ್‌ಎಲ್ ಫೈಬರ್ ಸಂಪರ್ಕಗಳನ್ನು ಬಹುಪಾಲು ಕೊಡುತ್ತಿರುವುದು ಸ್ಥಳೀಯ ಫ್ರಾಂಚೈಸಿಗಳು, ಅಂದರೆ ಹಳೆಯ ಕೇಬಲ್ ಟಿವಿಯವರೇ. ಯಾವ ಕಂಬದವರೆಗೆ ಫೈಬರ್ ಬಂದಿದೆ ಅನ್ನುವುದು ಅವರ ತಲೆಯಲ್ಲಿದೆ, ಯಾವ ವೆಬ್‌ಸೈಟಿನಲ್ಲೂ ಇಲ್ಲ.

ಫೈಬರ್ ವಿಷಯದಲ್ಲಿ ದೂರ ಒಂದು ತಾಂತ್ರಿಕ ಅಡ್ಡಿಯೇ ಅಲ್ಲ. ಹಳೆಯ ತಾಮ್ರದ ಲ್ಯಾಂಡ್‌ಲೈನ್‌ನಲ್ಲಿ ಬರುತ್ತಿದ್ದ ಬ್ರಾಡ್‌ಬ್ಯಾಂಡ್ ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದಾಟಿದರೆ ಏದುಸಿರು ಬಿಡುತ್ತಿತ್ತು. ಮನೆಗಳಿಗೆ ಕೊಡುವ ಫೈಬರ್ ಜಾಲ 20 ಕಿಲೋಮೀಟರ್‌ವರೆಗೂ ಸಲೀಸಾಗಿ ಹೋಗುತ್ತದೆ. ‘ನಿಮ್ಮ ಮನೆ ದೂರ’ ಅಂದರೆ ಕೇಬಲ್ ಮತ್ತು ಕಂಬದ ಖರ್ಚು ಯಾರು ಕೊಡುತ್ತಾರೆ ಅಂತ ಅರ್ಥ. ಹೀಗಾಗಿ ಒಬ್ಬರೇ ಹೋಗಿ ಕೇಳಬೇಡಿ. ಅದೇ ದಾರಿಯಲ್ಲಿರುವ ಐದಾರು ಮನೆಯವರು ಒಟ್ಟಿಗೆ ಹೋದರೆ ಮಾತೇ ಬೇರೆಯಾಗುತ್ತದೆ. ಎರಡು ಕಿಲೋಮೀಟರ್ ಕೇಬಲ್ಲಿನ ಖರ್ಚನ್ನು ಆರು ಮನೆ ಹಂಚಿಕೊಂಡರೆ ಒಬ್ಬೊಬ್ಬರಿಗೆ ಬೀಳುವುದು ಹಲವು ಸಲ ಒಂದು ಒಳ್ಳೆಯ ಮೊಬೈಲಿನ ಬೆಲೆಗಿಂತ ಕಡಿಮೆ. ಮಾತು ಮುಗಿಸುವ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು: ಜುಲೈಯಲ್ಲಿ ಮರ ಬಿದ್ದು ಕೇಬಲ್ ತುಂಡಾದರೆ ಜೋಡಿಸುವವರು ಯಾರು, ಎಷ್ಟು ದಿನದಲ್ಲಿ? ತುಂಡಾದ ಫೈಬರನ್ನು ಕೂಡಿಸುವ ಸ್ಪ್ಲೈಸಿಂಗ್ ಯಂತ್ರ ತಾಲ್ಲೂಕಿಗೆ ಒಂದೋ ಎರಡೋ ಇದ್ದರೆ, ಮಳೆಗಾಲದಲ್ಲಿ ನಿಮ್ಮ ಸರದಿ ಬರುವುದು ಹದಿನೈದು ದಿನಕ್ಕೆ. ಇದಕ್ಕೆ ತಡಬಡಾಯಿಸದೆ ಉತ್ತರ ಕೊಟ್ಟವರಿಗೆ ತಿಂಗಳಿಗೆ ನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಪಂಚಾಯಿತಿ ಕಚೇರಿಗೆ ಭಾರತ್‌ನೆಟ್ ಫೈಬರ್ ಬಂದಿರುವ ಸಾಧ್ಯತೆಯೂ ಇದೆ. 2011ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದ ಈ ಯೋಜನೆಗೆ 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 1,39,579 ಕೋಟಿ ರೂಪಾಯಿಯ ಪರಿಷ್ಕೃತ ರೂಪ ಕೊಟ್ಟಿದೆ. ನಾನು ಕಂಡ ಎಷ್ಟೋ ಪಂಚಾಯಿತಿಗಳಲ್ಲಿ ಆ ಪೆಟ್ಟಿಗೆ ಗೋಡೆಯ ಮೇಲೆ ಸುಮ್ಮನೆ ನೇತಾಡುತ್ತಿರುತ್ತದೆ. ಆದರೂ ಕೇಳಿ. ಅಲ್ಲಿ ದೀಪ ಉರಿಯುತ್ತಿದೆ ಅಂದರೆ ಫೈಬರ್ ನಿಮ್ಮ ಊರಿನ ಮಧ್ಯದವರೆಗೆ ಬಂದಾಗಿದೆ, ಉಳಿದದ್ದು ಕೊನೆಯ ಒಂದೆರಡು ಕಿಲೋಮೀಟರ್ ಅಂತ ಲೆಕ್ಕ.

ಕಡ್ಡಿ ಎಣಿಸಬೇಡಿ, ಡೆಸಿಬೆಲ್ ನೋಡಿ

ತಂತಿ ನಿಜಕ್ಕೂ ಇಲ್ಲ ಅಂತ ಖಾತ್ರಿಯಾಯಿತು. ಈಗ ಉಳಿದದ್ದು ಗಾಳಿ. ಇಲ್ಲಿ ಒಂದು ಪೈಸೆ ಖರ್ಚು ಮಾಡುವ ಮೊದಲು ಎರಡು ದಿನ ಅಳತೆಗೆ ಇಡಿ. ನಾಲ್ಕು ವರ್ಷದ ಇಂಜಿನಿಯರಿಂಗ್‌ನಲ್ಲಿ ಓದಿದ್ದರಲ್ಲಿ ಊರಿನವರಿಗೆ ಉಪಯೋಗಕ್ಕೆ ಬಂದದ್ದು ಈ ಡೆಸಿಬೆಲ್ ಒಂದೇ, ಅದಕ್ಕೇ ಇದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಫೋನಿನ ಮೇಲ್ತುದಿಯಲ್ಲಿ ಕಾಣುವ ಕಡ್ಡಿಗಳಿಗೆ ಒಂದೇ ಅಳತೆಗೋಲು ಅಂತಿಲ್ಲ. ಎರಡು ಫೋನುಗಳಲ್ಲಿ ಒಂದೇ ಸಿಗ್ನಲ್‌ಗೆ ಬೇರೆ ಬೇರೆ ಕಡ್ಡಿ ಕಾಣಿಸಬಹುದು. ನಿಜವಾದ ಸಂಖ್ಯೆಯ ಹೆಸರು ಆರ್‌ಎಸ್‌ಆರ್‌ಪಿ. ಅದನ್ನು ಡಿಬಿಎಂ ಎಂಬ ಮಾನದಲ್ಲಿ, ಋಣ ಚಿಹ್ನೆಯೊಂದಿಗೆ ಹೇಳುತ್ತಾರೆ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ ಒಳಗೆ ಸಿಮ್ ಸ್ಟೇಟಸ್ ನೋಡಿದರೆ ಸಿಗುತ್ತದೆ. ನೆಟ್‌ವರ್ಕ್ ಸೆಲ್ ಇನ್ಫೋ, ಸೆಲ್‌ಮ್ಯಾಪರ್ ಥರದ ಆ್ಯಪ್‌ಗಳು ಇನ್ನೂ ವಿವರವಾಗಿ ತೋರಿಸುತ್ತವೆ. ಐಫೋನಿನಲ್ಲಿ *3001#12345#* ಡಯಲ್ ಮಾಡಬೇಕು. 4ಜಿಯಲ್ಲಿ ಮೈನಸ್ 80ರ ಆಸುಪಾಸು ಬಂದರೆ ಭರ್ಜರಿ. ಮೈನಸ್ 95ರಿಂದ 100ರವರೆಗೆ ಆರಾಮವಾಗಿ ಕೆಲಸ ಮಾಡಬಹುದು. ಮೈನಸ್ 110ರ ಹತ್ತಿರ ವಾಟ್ಸಾಪ್ ಓಡುತ್ತದೆ, ವಿಡಿಯೋ ಮೀಟಿಂಗ್ ತೊದಲುತ್ತದೆ. ಮೈನಸ್ 120 ಅಂದರೆ ಇದ್ದೂ ಇಲ್ಲದ ಹಾಗೆ. ಈ ಮಾನದಲ್ಲಿ 3 ಅಂಕಿ ಏರಿದರೆ ಸಿಗ್ನಲ್ ಶಕ್ತಿ ಎರಡು ಪಟ್ಟು, 10 ಏರಿದರೆ ಹತ್ತು ಪಟ್ಟು. ಅಡುಗೆಮನೆಯಲ್ಲಿ ಮೈನಸ್ 115 ಇದ್ದು ಅಟ್ಟದ ಮೇಲೆ ಮೈನಸ್ 95 ಇದ್ದರೆ, ಅಟ್ಟದಲ್ಲಿ ಬರುತ್ತಿರುವುದು ನೂರು ಪಟ್ಟು ಸಿಗ್ನಲ್. ‘ಕಂಪನಿ ಸರಿಯಿಲ್ಲ’ ಅಂತ ಬೈಯುವಲ್ಲಿ ಎಷ್ಟೋ ಸಲ ತಪ್ಪಿರುವುದು ಮಣ್ಣಿನ ದಪ್ಪ ಗೋಡೆಯದು.

ಎರಡನೆಯ ಸಂಖ್ಯೆ ಎಸ್‌ಐಎನ್‌ಆರ್. ಸಿಗ್ನಲ್ ಜೊತೆ ಬೆರೆತಿರುವ ಗದ್ದಲ ಎಷ್ಟು ಅನ್ನುವುದನ್ನು ಇದು ಹೇಳುತ್ತದೆ. 20 ಇದ್ದರೆ ಚೆಂದ, 10 ಸಾಕು, ಸೊನ್ನೆಗಿಂತ ಕೆಳಗೆ ಹೋದರೆ ಬೇರೆ ಟವರ್ ನೋಡಿ. ಗುಡ್ಡದ ನೆತ್ತಿಯಲ್ಲಿ ನಿಂತಾಗ ಕಡ್ಡಿ ತುಂಬಾ ಇದ್ದೂ ಇಂಟರ್‌ನೆಟ್ ಓಡದಿರುವುದಕ್ಕೆ ಒಂದು ಕಾರಣ ಇದೇ: ನಾಲ್ಕು ದಿಕ್ಕಿನ ನಾಲ್ಕು ಟವರ್‌ಗಳು ಒಟ್ಟಿಗೆ ಮಾತಾಡುತ್ತಿರುತ್ತವೆ.

ಅಕ್ಕಪಕ್ಕದ ಮನೆಯವರದ್ದೂ ಸೇರಿಸಿ ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್, ಸಿಕ್ಕರೆ ವಿಐ ಸಿಮ್‌ಗಳನ್ನು ಹಿಡಿದುಕೊಂಡು ಸುತ್ತಿ. ಜಗಲಿ, ಅಟ್ಟ, ನೀರಿನ ಟ್ಯಾಂಕ್, ಕೊಟ್ಟಿಗೆಯ ಮಾಡು, ತೋಟದ ಅಂಚು, ಬ್ಯಾಣದ ಏರು. ಪ್ರತಿ ಜಾಗದಲ್ಲಿ ಎರಡು ಸಂಖ್ಯೆ, ಬ್ಯಾಂಡ್ ಸಂಖ್ಯೆ, ಟ್ರಾಯ್‌ನ ಮೈಸ್ಪೀಡ್ ಆ್ಯಪ್‌ನಲ್ಲಿ ಬಂದ ವೇಗ ಇಷ್ಟನ್ನು ಬರೆದುಕೊಳ್ಳಿ. ಬೆಳಿಗ್ಗೆ ಒಮ್ಮೆ, ರಾತ್ರಿ ಎಂಟರ ನಂತರ ಒಮ್ಮೆ. ಬೆಳಿಗ್ಗೆ ಚೆನ್ನಾಗಿದ್ದು ರಾತ್ರಿ ಕುಸಿದರೆ ಟವರಿನಲ್ಲಿ ಜನಸಂದಣಿ ಅಂತ ಅರ್ಥ, ಅದಕ್ಕೆ ನೀವು ಎಂಥ ಆಂಟೆನಾ ಹಾಕಿದರೂ ಉಪಯೋಗವಿಲ್ಲ. ಸಾಧ್ಯವಾದರೆ ಮಳೆಗಾಲದಲ್ಲೂ ಒಮ್ಮೆ ಅಳೆಯಿರಿ. ನೀರು ಹಿಡಿದ ಎಲೆ ಒಣ ಎಲೆಗಿಂತ ಹೆಚ್ಚು ಸಿಗ್ನಲ್ ನುಂಗುತ್ತದೆ. ಬೇಸಿಗೆಯ ಅಳತೆ ಸ್ವಲ್ಪ ಉದಾರಿ.

ಬ್ಯಾಂಡ್ ಯಾಕೆ ಬರೆದುಕೊಳ್ಳಬೇಕು? ಕಡಿಮೆ ಆವರ್ತನದ ಅಲೆ ಗುಡ್ಡದ ಅಂಚಿಗೆ ಬಾಗಿ, ಮರಗಳ ನಡುವೆ ತೂರಿ ಬರುತ್ತದೆ. ಹೆಚ್ಚಿನ ಆವರ್ತನದ್ದು ವೇಗ ಕೊಡುತ್ತದೆ, ಆದರೆ ಅಡ್ಡ ಬಂದದ್ದಕ್ಕೆಲ್ಲ ಮುನಿಸಿಕೊಳ್ಳುತ್ತದೆ. ಬ್ಯಾಂಡ್ 28 ಅಂದರೆ 700 ಮೆಗಾಹರ್ಟ್ಸ್, 5 ಅಂದರೆ 850, 8 ಅಂದರೆ 900. ಇವು ಮಲೆನಾಡಿನ ಮಿತ್ರರು. ಬ್ಯಾಂಡ್ 3 ಮತ್ತು 1 ಅಂದರೆ 1800 ಮತ್ತು 2100, ಮಧ್ಯಮ. ಬ್ಯಾಂಡ್ 40 ಅಂದರೆ 2300, ಇದಕ್ಕೆ ಟವರ್ ಬಹುಮಟ್ಟಿಗೆ ಎದುರಿಗೇ ಇರಬೇಕು. 5ಜಿಯಲ್ಲಿ ಹೆಚ್ಚು ಬಳಕೆಯಲ್ಲಿರುವ 3500 ಇನ್ನೂ ನಾಜೂಕು. ಜಿಯೋದ 4ಜಿ 850, 1800, 2300ರಲ್ಲಿದೆ. ಬಿಎಸ್‌ಎನ್‌ಎಲ್ 4ಜಿ ಬಂದಿರುವುದು 700 ಮತ್ತು 2100ರಲ್ಲಿ. ಬಿಎಸ್‌ಎನ್‌ಎಲ್ ಅಂದರೆ ಮೂಗು ಮುರಿಯುವವರಿಗೆ ಒಂದು ಮಾತು: 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾದ ಅದರ ದೇಶೀ 4ಜಿ ಜಾಲ ಕಣಿವೆಯ ಮನೆಗಳ ಮಟ್ಟಿಗೆ ಹೊಸ ಲೆಕ್ಕಾಚಾರ. ಎರಡು ವರ್ಷದ ಹಿಂದೆ ‘ಅದು ಬರೀ ಮಾತಾಡಲಿಕ್ಕೆ’ ಅಂತ ಕೈಬಿಟ್ಟಿದ್ದರೆ ಇನ್ನೊಮ್ಮೆ ಅಳೆದು ನೋಡಿ. ಆ ಟವರಿಗೆ ಹಿಂದಿನಿಂದ ಫೈಬರ್ ಬಂದಿದೆಯೋ ಇಲ್ಲವೋ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಟವರ್ ಎಲ್ಲೆಲ್ಲಿದೆ ಅಂತ ತಿಳಿಯಲು ಇಲಾಖೆಯ ತರಂಗ್ ಸಂಚಾರ್ ಜಾಲತಾಣವಿದೆ. ವಿಕಿರಣದ ಭಯ ನಿವಾರಿಸಲು ಮಾಡಿದ್ದು, ನಮಗೆ ಟವರ್ ಹುಡುಕಲು ಉಪಯೋಗ. ಕಂಪನಿಗಳೂ ಟ್ರಾಯ್ ಸೂಚನೆಯಂತೆ ವ್ಯಾಪ್ತಿಯ ನಕ್ಷೆ ಹಾಕಬೇಕಿದೆ. ಆ ನಕ್ಷೆಗಳ ಬಣ್ಣಕ್ಕೂ ನಿಮ್ಮ ಜಗಲಿಗೂ ನಡುವೆ ಒಂದು ಗುಡ್ಡ ಇರಬಹುದು ಅನ್ನುವುದು ನೆನಪಿರಲಿ.

ಅಟ್ಟದ ಸಿಗ್ನಲ್ ಕೆಳಗಿಳಿಸುವುದು

ಅಳತೆ ಮುಗಿದ ಮೇಲೆ ಉಪಕರಣ. ಮನೆಯೊಳಗೇ ಮೈನಸ್ 95 ಸಿಕ್ಕಿತು ಅಂದರೆ ನೀವು ಅದೃಷ್ಟವಂತರು, ಎರಡು ಮೂರು ಸಾವಿರದ ಸಿಮ್ ಹಾಕುವ ರೂಟರ್ ಸಾಕು. ಫೋನಿನ ಹಾಟ್‌ಸ್ಪಾಟ್ ಶಾಶ್ವತ ವ್ಯವಸ್ಥೆಯಲ್ಲ: ಬ್ಯಾಟರಿ ಊದಿಕೊಳ್ಳುತ್ತದೆ, ಫೋನ್ ಹಿಡಿದವರು ಪೇಟೆಗೆ ಹೋದರೆ ಮನೆಯ ಇಂಟರ್‌ನೆಟ್ಟೂ ಅವರ ಜೊತೆ ಹೋಗುತ್ತದೆ.

ಅಟ್ಟದಲ್ಲೋ ಟ್ಯಾಂಕಿನ ಮೇಲೋ ಮಾತ್ರ ಸಿಗುವವರಿಗೆ ಎರಡು ದಾರಿ. ಒಂದು, ರೂಟರ್ ಒಳಗಿಟ್ಟು ಮೇಲೊಂದು ಆಂಟೆನಾ ಹಾಕಿ ನಡುವೆ ತಂತಿ ಎಳೆಯುವುದು. ಅಂಗಡಿಯವರು ಮಾರುವುದು ಇದನ್ನೇ. ಇದರ ಜೊತೆ ಬರುವ ತೆಳ್ಳನೆಯ ಕಪ್ಪು ಕೇಬಲ್ ಹತ್ತು ಮೀಟರ್ ಉದ್ದದಲ್ಲಿ 2000 ಮೆಗಾಹರ್ಟ್ಸ್ ಸಿಗ್ನಲ್‌ನ ಮುಕ್ಕಾಲು ಪಾಲನ್ನು ತಿಂದುಬಿಡಬಲ್ಲದು. ಆಂಟೆನಾ ಗಳಿಸಿದ್ದನ್ನು ಕೇಬಲ್ ಖರ್ಚು ಮಾಡಿತು, ನಿಮ್ಮದು ಬರೀ ಕೈ. ಎರಡನೆಯ ದಾರಿ ಮಳೆ ತಡೆಯುವ ಹೊರಾಂಗಣ 4ಜಿ ರೂಟರನ್ನೇ ಮೇಲೆ ಕಟ್ಟಿ, ಕೆಳಗೆ ಸಾಮಾನ್ಯ ಲ್ಯಾನ್ ಕೇಬಲ್ ಇಳಿಸುವುದು. ಆ ಕೇಬಲ್ 100 ಮೀಟರ್‌ವರೆಗೆ ಡೇಟಾ ಹೊರುತ್ತದೆ, ಅದರಲ್ಲೇ ರೂಟರಿಗೆ ಕರೆಂಟೂ ಹೋಗುತ್ತದೆ. ಈ ವ್ಯವಸ್ಥೆಗೆ ಪಿಒಇ ಅಂತ ಹೆಸರು. ಖರ್ಚು ಜಾಸ್ತಿ, ಆದರೆ ನನ್ನ ಮತ ಇದಕ್ಕೇ. ಬೇರೆ ಆಂಟೆನಾ ಹಾಕಲೇಬೇಕಾದರೆ ಎರಡು ಕೇಬಲ್ ಇರುವಂಥದ್ದನ್ನು ಕೇಳಿ. 4ಜಿ ಏಕಕಾಲಕ್ಕೆ ಎರಡು ಧಾರೆಯಲ್ಲಿ ಡೇಟಾ ತರುತ್ತದೆ, ಒಂಟಿ ಆಂಟೆನಾ ಹಾಕಿದರೆ ಅರ್ಧ ಬಾಗಿಲು ಮುಚ್ಚಿದ ಹಾಗೆ.

ಆನ್‌ಲೈನ್‌ನಲ್ಲಿ ‘ಸಿಗ್ನಲ್ ಬೂಸ್ಟರ್’ ಎಂಬ ಪೆಟ್ಟಿಗೆ ಸಿಗುತ್ತದೆ. ತಗೋಬೇಡಿ. ಅನುಮತಿಯಿಲ್ಲದೆ ಮೊಬೈಲ್ ರಿಪೀಟರ್ ಹಾಕುವುದು ಭಾರತದಲ್ಲಿ ಕಾನೂನುಬಾಹಿರ, ಅದಕ್ಕಿಂತ ಹೆಚ್ಚಾಗಿ ಅದು ಸುತ್ತಲಿನ ಮನೆಗಳ ಸಿಗ್ನಲ್ ಕೆಡಿಸುತ್ತದೆ. ರೂಟರಿಗೆ ಆಂಟೆನಾ ಹಾಕುವುದು ಬೇರೆ, ಬೂಸ್ಟರ್ ಬೇರೆ.

ಮನೆಯ ಸುತ್ತ ಎಲ್ಲೂ ಇಲ್ಲ, ಗುಡ್ಡದ ನೆತ್ತಿಯಲ್ಲಿ ಮಾತ್ರ ಇದೆ ಅನ್ನುವ ಮನೆಗಳೂ ಇವೆ. ಅಲ್ಲೊಂದು ಸೌರ ಫಲಕ, ಬ್ಯಾಟರಿ, ಹೊರಾಂಗಣ ರೂಟರ್ ಇಟ್ಟು ಅಲ್ಲಿಂದ ಮನೆಗೆ 5 ಗಿಗಾಹರ್ಟ್ಸ್ ವೈಫೈ ಸೇತುವೆ ಹಾಕಬಹುದು. ಈ ಪಟ್ಟಿಗೆ 2018ರಿಂದ ಪರವಾನಗಿ ಬೇಕಿಲ್ಲ, ಶಕ್ತಿಯ ಮಿತಿ ಮೀರಬಾರದಷ್ಟೆ. ಎರಡು ತುದಿಗಳು ಒಂದಕ್ಕೊಂದು ಕಾಣಲೇಬೇಕು. ನಡುವೆ ಒಂದು ಹಲಸಿನ ಮರ ಬಂದರೂ ಕೆಲಸ ಕೆಟ್ಟಿತು. ಒಂದು ಮನೆಗೆ ಇದು ದುಬಾರಿ, ಆದರೆ ಒಂದೇ ಕಣಿವೆಯ ನಾಲ್ಕು ಮನೆ ಸೇರಿದರೆ ಯೋಚಿಸಬಹುದು. ಮಂಗನ ಕಾಟದ ವಿಮೆ ಯಾರೂ ಕೊಡುವುದಿಲ್ಲ. ಹಣ ಪಡೆದು ಊರಿಗೆಲ್ಲ ಹಂಚುವ ಯೋಚನೆಯಿದ್ದರೆ 2020ರ ಪಿಎಂ-ವಾಣಿ ಯೋಜನೆಯಡಿ ಮಾಡಬೇಕು. ಅದರಲ್ಲಿ ಕಿರಾಣಿ ಅಂಗಡಿಯವರೂ ಪರವಾನಗಿಯಿಲ್ಲದೆ ಸಾರ್ವಜನಿಕ ವೈಫೈ ಕೊಡಬಹುದು.

ಏರ್‌ಫೈಬರ್ ಮತ್ತು ಆಕಾಶ

ಹೆಸರು ಕೇಳಿ ಮೋಸಹೋಗಬೇಡಿ, ಏರ್‌ಫೈಬರ್‌ನಲ್ಲಿ ಮನೆಗೆ ಫೈಬರ್ ಬರುವುದಿಲ್ಲ. ಏರ್‌ಟೆಲ್, ಜಿಯೋ ಎರಡೂ 2023ರಲ್ಲಿ ಶುರುಮಾಡಿದ ಇದು ಮುಖ್ಯವಾಗಿ 5ಜಿ ಸಿಗ್ನಲನ್ನು ಮಾಡಿನ ಮೇಲಿನ ಪೆಟ್ಟಿಗೆಯಲ್ಲಿ ಹಿಡಿದು ಒಳಗೆ ಕೊಡುವ ವ್ಯವಸ್ಥೆ. ನಿಮ್ಮಲ್ಲಿ 5ಜಿ ಇದ್ದರೆ ಕೇಬಲ್ ಇಲ್ಲದವರಿಗೆ ಇದಕ್ಕಿಂತ ಸುಲಭದ ಉತ್ತರವಿಲ್ಲ. ತಾಲ್ಲೂಕು ಪೇಟೆಯ ಸುತ್ತಮುತ್ತ ಚೆನ್ನಾಗಿಯೇ ಓಡುತ್ತಿದೆ. ದುಡ್ಡು ಕಟ್ಟುವ ಮುಂಚೆ ತಂತ್ರಜ್ಞರನ್ನು ಕರೆಸಿ, ಮಾಡಿನ ಮೇಲೆ ಪೆಟ್ಟಿಗೆ ಹಿಡಿದು ಸ್ಪೀಡ್ ಟೆಸ್ಟ್ ತೋರಿಸಲು ಹೇಳಿ. ‘ಅನ್‌ಲಿಮಿಟೆಡ್’ ಅಂದರೂ ತಿಂಗಳ ಮಿತಿ ಇರುತ್ತದೆ, ಒಂದು ಮನೆಗೆ ಅದು ಧಾರಾಳ. ಬಿಎಸ್‌ಎನ್‌ಎಲ್‌ನ ಭಾರತ್ ಏರ್‌ಫೈಬರ್ ಬೇರೆಯೇ ಜಾತಿ: ಸ್ಥಳೀಯ ಪಾಲುದಾರರು ಪರವಾನಗಿ ಬೇಡದ ಪಟ್ಟಿಯಲ್ಲಿ ರೇಡಿಯೋ ಮೂಲಕ ಕೊಡುತ್ತಾರೆ. ಅಲ್ಲಿ ಟವರಿಗಿಂತ ಆ ಪಾಲುದಾರರ ಮೇಲೆ ನಿಮ್ಮ ಹಣೆಬರಹ.

ಉಪಗ್ರಹದ ವಿಷಯಕ್ಕೆ ಬಂದರೆ ಎರಡು ಬಗೆ. ಬ್ಯಾಂಕ್ ಎಟಿಎಂಗಳ ಮೇಲೆ ಕಾಣುವ ವಿಸ್ಯಾಟ್ ತಟ್ಟೆ ಮಾತಾಡುವುದು 35,786 ಕಿಲೋಮೀಟರ್ ಎತ್ತರದ ಉಪಗ್ರಹದ ಜೊತೆ. ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಬೆಳಕಿನ ವೇಗದಲ್ಲೂ ಅರ್ಧ ಸೆಕೆಂಡ್ ಕಳೆಯುತ್ತದೆ, ಮೀಟಿಂಗಿನಲ್ಲಿ ಎಲ್ಲರ ಮಾತಿನ ಮೇಲೆ ನಿಮ್ಮ ಮಾತು ಬೀಳುತ್ತದೆ. ಬೆಲೆಯೂ ಮನೆಗಲ್ಲ. ಸ್ಟಾರ್‌ಲಿಂಕ್‌ನದ್ದು ಸುಮಾರು 550 ಕಿಲೋಮೀಟರ್ ಎತ್ತರದ ಉಪಗ್ರಹಗಳು, ವಿಳಂಬ 4ಜಿಯಷ್ಟೇ. ಅದಕ್ಕೆ ದೂರಸಂಪರ್ಕ ಇಲಾಖೆಯ ಪರವಾನಗಿ 2025ರ ಜೂನ್‌ನಲ್ಲಿ ಸಿಕ್ಕಿತು. ಪರವಾನಗಿ ಸಿಗುವುದಕ್ಕೂ ನಿಮ್ಮ ಅಂಗಳಕ್ಕೆ ತಟ್ಟೆ ಬರುವುದಕ್ಕೂ ನಡುವೆ ತರಂಗಾಂತರದ ಬೆಲೆ, ಭದ್ರತಾ ಪರೀಕ್ಷೆ ಅಂತ ಬಹಳ ಮೆಟ್ಟಿಲುಗಳಿವೆ. ಕಂಪನಿಯ ಸ್ವಂತ ತಾಣದಲ್ಲಿ ನಿಮ್ಮ ವಿಳಾಸಕ್ಕೆ ಆರ್ಡರ್ ತೆಗೆದುಕೊಳ್ಳುವವರೆಗೆ ‘ಬುಕಿಂಗ್’ ಹೆಸರಲ್ಲಿ ಯಾವ ಏಜೆಂಟನಿಗೂ ದುಡ್ಡು ಕೊಡಬೇಡಿ.

ಮಲೆನಾಡಿಗೆ ಉಪಗ್ರಹವೇ ರಾಮಬಾಣ ಅಂತ ಬರೆಯುವವರು ಅಡಿಕೆ ತೋಟದ ಮನೆ ನೋಡಿರಲಿಕ್ಕಿಲ್ಲ. ಆ ತಟ್ಟೆಗೆ ಅಗಲವಾದ ತೆರೆದ ಆಕಾಶ ಬೇಕು, ನಮ್ಮ ಅಂಗಳದಿಂದ ಕಾಣುವುದು ಮರಗಳ ನಡುವಿನ ಒಂದು ತುಂಡು ಆಕಾಶ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯ ಮಳೆ ಆ ಆವರ್ತನವನ್ನು ಆಗಾಗ ಕುಗ್ಗಿಸುತ್ತದೆ. ವಿದ್ಯುತ್ ಕೂಡ 4ಜಿ ರೂಟರಿಗಿಂತ ಹಲವು ಪಟ್ಟು ಬೇಕು.

ಕರೆಂಟ್, ಸಿಡಿಲು, ಜಿಬಿ ಲೆಕ್ಕ

ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದ ಊರಿನಲ್ಲಿ ಸ್ಪೀಡಿನ ಮಾತು ಎರಡನೆಯದು. ಸಾಮಾನ್ಯ ರೂಟರಿಗೆ 10 ವಾಟ್ ಆಸುಪಾಸು ಸಾಕು. 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿ ಅಂದರೆ 84 ವಾಟ್-ಅವರ್, ಸೋರಿಕೆ ಕಳೆದು ಆರು ತಾಸು ಓಡುತ್ತದೆ. ಮನೆಯ ದೊಡ್ಡ ಇನ್‌ವರ್ಟರಿಗೆ ಹಾಕಿದರೆ ಫ್ಯಾನು, ಟಿವಿ ಜೊತೆ ಅದೂ ಮುಗಿಯುತ್ತದೆ. ರೂಟರಿಗೇ ಸಣ್ಣ ಡಿಸಿ ಯುಪಿಎಸ್ ಇಡಿ. ಆದರೆ ಟವರಿಗೂ ಕರೆಂಟ್ ಬೇಕಲ್ಲ. ಯಾವ ಟವರಿನಲ್ಲಿ ಜನರೇಟರಿಗೆ ಡೀಸೆಲ್ ಹಾಕುತ್ತಾರೆ ಅನ್ನುವುದು ಊರಿಗೆಲ್ಲ ಗೊತ್ತಿರುತ್ತದೆ. ಹಳೆಯ ಗ್ರಾಹಕರನ್ನು ಕೇಳಿದರೆ ಸಾಕು.

ಏಪ್ರಿಲ್-ಮೇ ಗುಡುಗಿನ ತಿಂಗಳು. ಮಾಡಿನ ಮೇಲಿನ ಪೆಟ್ಟಿಗೆಯಿಂದ ಇಳಿದ ತಾಮ್ರದ ತಂತಿ ಸಿಡಿಲಿಗೆ ನೇರ ದಾರಿ. ಅರ್ಥಿಂಗ್ ಮಾಡಿಸಿ, ಸರ್ಜ್ ಅರೆಸ್ಟರ್ ಹಾಕಿಸಿ, ಆದರೂ ಮೋಡ ಕಪ್ಪಾಗುತ್ತಿದ್ದಂತೆ ಪ್ಲಗ್ ಕಿತ್ತಿಡುವ ಅಜ್ಜಿಯ ಕ್ರಮವನ್ನು ಬಿಡಬೇಡಿ.

ಡೇಟಾ ಲೆಕ್ಕ ಸುಲಭ: ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಒಂದು ಗಂಟೆ ಓಡಿದರೆ 450 ಎಂಬಿ. ಹೋಗುವುದು ಬರುವುದು ಸೇರಿ 2 ಮೆಗಾಬಿಟ್ ಬೇಡುವ ವಿಡಿಯೋ ಮೀಟಿಂಗ್‌ಗೆ ಗಂಟೆಗೆ 900 ಎಂಬಿ. ದಿನಕ್ಕೆ 2 ಜಿಬಿಯ ಪ್ಲಾನ್ ಬೆಳಿಗ್ಗೆ ಹನ್ನೊಂದೂವರೆಗೆ ಮುಗಿಯಿತು, ಆಮೇಲೆ 64 ಕಿಲೋಬಿಟ್‌ನ ಆಮೆ. ಮನೆಯಿಂದ ಕೆಲಸ ಮಾಡುವವರು ದಿನದ ಮಿತಿಯಿಲ್ಲದ, ತಿಂಗಳ ಒಟ್ಟು ಡೇಟಾ ಕೊಡುವ ಪ್ಲಾನ್ ಹುಡುಕಬೇಕು. ಕೆಲಸಕ್ಕೆ ಮುಖ್ಯವಾದದ್ದು ಅಪ್‌ಲೋಡ್ ವೇಗ. ಜಾಹೀರಾತಿನಲ್ಲಿ ಬರುವುದು ಡೌನ್‌ಲೋಡ್. 30 ಡೌನ್‌ಲೋಡ್‌ಗೆ ಅರ್ಧ ಅಪ್‌ಲೋಡ್ ಕೊಡುವುದಕ್ಕಿಂತ 8ಕ್ಕೆ 4 ಕೊಡುವ ಸಿಮ್ ಒಳ್ಳೆಯದು. ಸಿಸಿಟಿವಿ ಹಾಕಿಸುವವರಿಗೆ ಇನ್ನೊಂದು ಸೂಚನೆ: ಮೊಬೈಲ್ ಜಾಲದಲ್ಲಿ ಮನೆಗೆ ಸ್ವಂತ ಸಾರ್ವಜನಿಕ ಐಪಿ ವಿಳಾಸ ಸಾಮಾನ್ಯವಾಗಿ ಸಿಗುವುದಿಲ್ಲ. ಹೊರಗಿನಿಂದ ನೋಡಬೇಕೆಂದರೆ ಕಂಪನಿಯ ಕ್ಲೌಡ್ ಮೂಲಕ ಕೆಲಸ ಮಾಡುವ ಕ್ಯಾಮೆರಾವನ್ನೇ ಕೊಳ್ಳಿ.

ನಮ್ಮ ಮನೆಯಲ್ಲಿ ಈಗ ಇರುವುದು ಟ್ಯಾಂಕಿನ ಪಕ್ಕದ ಕಬ್ಬಿಣದ ಪೈಪಿಗೆ ಕಟ್ಟಿದ ಒಂದು ಹೊರಾಂಗಣ 4ಜಿ ರೂಟರ್, ಕೆಳಗೆ ಸಣ್ಣ ಯುಪಿಎಸ್, ಜೊತೆಗೆ ಬೇರೆ ಕಂಪನಿಯ ಒಂದು ಸಿಮ್. ಅಪ್ಪ-ಅಮ್ಮನ ವಿಡಿಯೋ ಕಾಲಿಗೆ, ನಾನು ಹೋದಾಗ ವರದಿ ಕಳಿಸುವುದಕ್ಕೆ ಅಷ್ಟು ಸಾಕು. ಎರಡನೇ ಸಿಮ್ ಆರಿಸುವಾಗ ಬೇರೆ ಕಂಪನಿ ಅಂದರೆ ಸಾಲದು, ಬೇರೆ ಟವರ್ ಇರಬೇಕು. ಒಂದೇ ಕಂಬದ ಮೇಲೆ ಮೂರು ಕಂಪನಿ ಕೂತಿರುವುದು ಸಾಮಾನ್ಯ. ಆ ಕಂಬದ ಕರೆಂಟ್ ಹೋದರೆ ಮೂರೂ ಒಟ್ಟಿಗೆ ಮಲಗುತ್ತವೆ. ಮಕ್ಕಳ ಆನ್‌ಲೈನ್ ಪರೀಕ್ಷೆಯೋ ಸಂದರ್ಶನವೋ ಇದ್ದರೆ ಇಷ್ಟನ್ನೂ ನಂಬದೆ ಪೇಟೆಯ ನೆಂಟರ ಮನೆಗೆ ಕಳಿಸಿ ಅಂತಲೇ ನಾನು ಹೇಳುವುದು.

ಇದು ನಿಮ್ಮೊಬ್ಬರ ಖರ್ಚಲ್ಲ

ರೂಟರ್, ಪೈಪು, ಬ್ಯಾಟರಿ, ಎರಡು ಸಿಮ್ ಅಂತ ಹಳ್ಳಿಯ ಮನೆ ನಗರದವರಿಗಿಂತ ಹೆಚ್ಚು ಖರ್ಚು ಮಾಡಿ ಹತ್ತನೇ ಒಂದು ಪಾಲು ವೇಗ ಪಡೆಯುತ್ತಿದೆ. ಇದಕ್ಕೆಂದೇ ಒಂದು ನಿಧಿಯಿದೆ. 2002ರಿಂದ ಕಂಪನಿಗಳ ಆದಾಯದ ಶೇ 5ರಷ್ಟು ಸಾರ್ವತ್ರಿಕ ಸೇವಾ ನಿಧಿಗೆ ಹೋಗುತ್ತಿದೆ. 2023ರ ದೂರಸಂಪರ್ಕ ಕಾಯ್ದೆ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂಬ ಹೊಸ ಹೆಸರು ಕೊಟ್ಟಿತು. 2022ರ ಜುಲೈಯಲ್ಲಿ ಸಂಪುಟ ಒಪ್ಪಿದ 26,316 ಕೋಟಿ ರೂಪಾಯಿಯ ಯೋಜನೆ 24,680 ಹಳ್ಳಿಗಳಿಗೆ 4ಜಿ ಕೊಡುವುದಕ್ಕಾಗಿಯೇ ಇದೆ. 1964ರಲ್ಲಿ ಲಿಂಗನಮಕ್ಕಿ ಜಲಾಶಯಕ್ಕೆ ನೆಲ ಬಿಟ್ಟುಕೊಟ್ಟ ಶರಾವತಿ ಕಣಿವೆಯವರು ನಾಡಿಗೆಲ್ಲ ಕರೆಂಟ್ ಕೊಟ್ಟು, ತುಮರಿಯ ಆಚೆ ದಡದಲ್ಲಿ ಸೇತುವೆಗಾಗಿ 2025ರವರೆಗೆ ಕಾದರು. ಸಿಗ್ನಲ್‌ಗೂ ಅಷ್ಟೇ ಕಾಯಿರಿ ಅಂತ ಹೇಳುವ ಹಾಗಿಲ್ಲ. ಅರಣ್ಯದ ಅನುಮತಿ ತೊಡಕು ನಿಜ, ಆದರೆ ಎಲ್ಲ ವಿಳಂಬಕ್ಕೂ ಕಾಡಿನ ನೆಪ ಸಲ್ಲದು.

ಅಳತೆ ಮಾಡಿದ ನೋಟ್‌ಬುಕ್ ಇಲ್ಲಿ ಎರಡನೇ ಸಲ ಕೆಲಸಕ್ಕೆ ಬರುತ್ತದೆ. ‘ನಮ್ಮೂರಿಗೆ ನೆಟ್‌ವರ್ಕ್ ಇಲ್ಲ’ ಎಂಬ ಮನವಿಯನ್ನು ‘ಹತ್ತಿರದಲ್ಲಿ ಟವರ್ ಇದೆ’ ಎಂಬ ಒಂದು ಸಾಲಿನಿಂದ ಮುಚ್ಚಿಬಿಡುತ್ತಾರೆ. ಬದಲಿಗೆ ಗ್ರಾಮಸಭೆಯ ನಿರ್ಣಯ ಮಾಡಿಸಿ. ಅದರಲ್ಲಿ ಮಜರೆಯ ಹೆಸರು, ಮನೆಗಳ ಸಂಖ್ಯೆ, ಶಾಲೆ-ಅಂಗನವಾಡಿ ಇದ್ದರೆ ಅದು, ಐದಾರು ಮನೆಗಳ ಅಕ್ಷಾಂಶ-ರೇಖಾಂಶ, ಪ್ರತಿ ಕಂಪನಿಯ ಆರ್‌ಎಸ್‌ಆರ್‌ಪಿ, ಅಳೆದ ದಿನಾಂಕ, ತರಂಗ್ ಸಂಚಾರ್‌ನಲ್ಲಿ ಕಂಡ ಹತ್ತಿರದ ಟವರಿನ ದೂರ, ಟವರಿಗೆ ಕೊಡಬಹುದಾದ ಕಂದಾಯ ಜಾಗದ ಸರ್ವೆ ನಂಬರ್ ಇರಲಿ. ಒಂದು ಪ್ರತಿ ಜಿಲ್ಲಾಧಿಕಾರಿಗೆ, ಒಂದು ಬಿಎಸ್‌ಎನ್‌ಎಲ್ ಜಿಲ್ಲಾ ಕಚೇರಿಗೆ, ಒಂದು ಸಂಸದರಿಗೆ, ಇನ್ನೊಂದನ್ನು ಕೇಂದ್ರದ ಸಿಪಿಗ್ರಾಮ್ಸ್ ತಾಣಕ್ಕೆ ಹಾಕಿ ನೋಂದಣಿ ಸಂಖ್ಯೆ ಇಟ್ಟುಕೊಳ್ಳಿ. ಮೂರು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅದೇ ಸಂಖ್ಯೆ ಹಾಕಿ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ.